ಬರಿಗೈಯ ಕಾಣಿಕೆ

ಕಂಪ್ಲಿ,
೨ ಡಿಸೆಂಬರ್ ೨೦೨೪

ನನ್ನ ಮುದ್ದಿನ ಕೃಪಾವತಿ,

ಕರ್ತನು ನಿನ್ನನ್ನು ಅಂಗೈಯಲ್ಲಿಟ್ಟು ಕಾಯಲಿ. ಬರೆಯಲು ತಡವಾಯಿತು, ಬೈಯಬೇಡ. ಕಿರಣ್ ಕುಮಾರನ ಹೆಸರೆತ್ತಿದರೆ ನೀನು ಫೋನ್ ಇಡುತ್ತೀ, ಅದಕ್ಕೇ ಕಾಗದ. ಸಂಡೂರಿನ ಹಾಸ್ಟೆಲಿನ ಮಕ್ಕಳು ನಿನ್ನ ಮಾತು ಕೇಳುತ್ತಾರಾ? ನಿನ್ನವ್ವ ಕಳಿಸಿದ ಶೇಂಗಾ ಚಟ್ನಿ ಮುಗಿಯಿತಾ? ಸರಿ, ಪರದೆ ಏಳಲಿ.

ನಿನ್ನ ಗಂಡ ಕಿರಣ್ ಹೋದ ತಿಂಗಳು ಸಭೆಯಲ್ಲಿ ಸಾಕ್ಷಿ ಹೇಳಿದ. ಕುಡಿತ ಬಿಟ್ಟೆನೆಂದು ಮೊಣಕಾಲೂರಿ ಗೋಳಾಡಿದ. ಹಲ್ಲೆಲೂಯ ಘೋಷಕ್ಕೆ ತಗಡಿನ ಸೂರು ಗಡಗಡ ನಡುಗಿತು. ಪಾಸ್ಟರ್ ಅಪ್ಪಿಕೊಂಡರು. ಮಹಿಳಾ ಸಂಘದ ಸುವರ್ಣಮ್ಮ ಎದ್ದಳು: “ಗಂಡ ಬದಲಾಗ್ಯಾನ, ಅಕಿಗೆ ಇನ್ನೇನು ಬೇಕಂತ? ನಡೀರಿ, ಸಂಡೂರಿಗೆ ಹೋಗಿ ಕರಕೊಂಡ ಬರೂಣು.”

ನಾಟಕ ಕಂಪನಿಯಲ್ಲಿ ಹರೆಯ ಕಳೆದವನು ನಾನು. ಮಾತು ಎಲ್ಲಿ ಹಾರಿತೆಂದು ಈ ಕಿವಿಗೆ ಗೊತ್ತಾಗುತ್ತದೆ. ಹೊರಗೆ ಅವನನ್ನು ತಡೆದೆ.

“ಅಳಿಯಂದ್ರೆ, ಭಾಳ ಚಂದ ಅತ್ತ್ರಿ. ಆದ್ರ ನಡುವ ಒಂದು ಮಾತು ನುಂಗಿದ್ರಿ.”

“ಯಾವ್ದು ಮಾವ?”

“ಅದನ್ನ ನಾನು ಹೇಳಿಕೊಡಬೇಕೇನು?”

ಮುಖ ಕಪ್ಪಿಟ್ಟಿತು. ತೋರಣಗಲ್ಲಿನ ಕಾರ್ಖಾನೆಯ ಶಿಫ್ಟ್ ಬಸ್ಸು ಬಂತೆಂದು ಹೋಗಿಬಿಟ್ಟ. ಸಂಘದವರನ್ನು ನಾನು ಬಾಗಿಲಲ್ಲೇ ತಡೆದೆ: “ನನ್ನ ಮಗಳು ಸಾಮಾನಲ್ಲ, ಹೊತ್ತು ತರಾಕ.”

ನಿನ್ನೆ ಸುಗ್ಗಿ ಕಾಣಿಕೆಯ ಭಾನುವಾರ. ನಿನಗೆ ಗೊತ್ತಲ್ಲ, ಬಾಳೆಗೊನೆ, ಕಬ್ಬು, ಹೊಸ ಭತ್ತ ಹೊತ್ತು ತಂದು ಪೀಠದ ಮುಂದಿಟ್ಟು ಒಬ್ಬೊಬ್ಬರೂ ಒಂದು ಮಾತು ಹೇಳಬೇಕು. ಕಿರಣ್ ಬರಿಗೈಯಲ್ಲಿ ನಿಂತ. “ಏನೂ ತಂದಿಲ್ಲೇನಲೇ?” ಎಂದು ಯಾರೋ ನಕ್ಕರು.

“ಇಷ್ಟ ತಂದೀನಿ,” ಎಂದ. “ಕೃಪಾ ಕಾಲುವಿ ಮೆಟ್ಟಲದಾಗ ಜಾರಿ ಬೀಳಲಿಲ್ಲ. ಮನ್ಯಾಗ ನಾನ ನೂಕಿದೆ. ಹೊಟ್ಯಾಗಿನ ಕೂಸು ಹೋಗಿದ್ದು ನನ್ನ ಕೈಯಿಂದ. ಊರ ಮುಂದ ತಪ್ಪು ಅಕಿ ಮ್ಯಾಲೆ ಹಾಕಿದೆ.”

ಕಣ್ಣೀರಿಲ್ಲ, ಗೋಳಾಟವಿಲ್ಲ. ಒಬ್ಬರೂ ಹಲ್ಲೆಲೂಯ ಅನ್ನಲಿಲ್ಲ. “ಬಸುರಿ ಕಾಲುವಿಗೆ ಯಾಕ ಹೋಗಬೇಕಿತ್ತು” ಎಂದು ವರ್ಷವೆಲ್ಲ ನಿನ್ನನ್ನು ಆಡಿಕೊಂಡ ಸುವರ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಗೇಟಿನ ಹತ್ತಿರ ಅವನೇ ಬಂದ: “ಮಾವ, ಅಕಿನ್ನ ಬಾ ಅನ್ನಬ್ಯಾಡ್ರಿ. ನಾನು ಖರೇ ಹೇಳಿದೆ ಅಂತ ಅಷ್ಟ ತಿಳಿಸ್ರಿ.”

ಮಗಳೇ, ಮಾನಸಾಂತರವೆಂಬ ಗಿಡದಲ್ಲಿ ನಾನು ಕಂಡ ಮೊದಲ ಕಾಯಿ ಅದು. ಹಣ್ಣಾಗುತ್ತದೋ ಉದುರುತ್ತದೋ ಕರ್ತನೇ ಬಲ್ಲ. ಅದನ್ನು ಕಾಯುತ್ತ ನಿಲ್ಲುವುದು ನಿನ್ನ ಪಾಲಿನ ಕೆಲಸವಲ್ಲ. ಕ್ಷಮಿಸಿದರೂ ಅಲ್ಲೇ ಇರು, ಕ್ಷಮಿಸದಿದ್ದರೂ ಅಲ್ಲೇ ಇರು. ಠಾಣೆಗೆ ಹೋಗುವುದಾದರೆ ಜೊತೆಗೆ ನಾನು. ನಿನ್ನ ಮಾತು ಸುಳ್ಳೆಂದು ಈ ಊರಲ್ಲಿ ಇನ್ನು ಯಾರೂ ಅನ್ನಲಾರರು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರ ಸಮಾಧಾನ ನಿನ್ನ ದಿಂಬಿನ ಹತ್ತಿರ ಇರಲಿ.

ನಿನ್ನಪ್ಪ,
ದೇವಪುತ್ರಪ್ಪ

ಮರೆತ ಮಾತು: ಕಾಗದ ಮಡಚುವಾಗ ನಿನ್ನವ್ವ ಕೈ ಹಿಡಿದಳು. “ಕೂಸಿಗೆ ಮನಸಿನ್ಯಾಗ ಒಂದು ಹೆಸರಿಟ್ಟಿದ್ದೆ. ಎಲ್ಲಾರೂ ಮಗಳನ್ನ ಬೈಯುವಾಗ ಅದನ್ನ ಬಾಯಿಗೆ ತರಾಕ ಆಗಲಿಲ್ಲ. ಈಗ ಒಮ್ಮೆ ಕರೀಲೇನು?” ಎಂದಳು. “ಮಗಳನ್ನ ಕೇಳದ ಬ್ಯಾಡ” ಎಂದೆ. ಹಿತ್ತಲಿಗೆ ಹೋದವಳು ಇನ್ನೂ ಒಳಗೆ ಬಂದಿಲ್ಲ. ಫೋನ್ ಮಾಡುವುದಾದರೆ ನನಗೆ ಬೇಡ, ಅವಳಿಗೆ ಮಾಡು.