ಅಂಗಳಕ್ಕೆ ಬಾರದವರು

ಜೂನ್ 3, ಮಂಗಳವಾರ

ಇವತ್ತೂ ಅದೇ. ಆಫೀಸಿಗೆ ಬಂದು ಕುಳಿತೆ, 'ಅಂಗಳ' ತೆರೆದೆ, ಸುವಿಚಾರ ಹಾಕಿದೆ. ಪಕ್ಕಕ್ಕೊಂದು ಸೂರ್ಯೋದಯ. ನೋಡಿದವರು— ನಾನು, ಚೇತನಕುಮಾರ, ಮತ್ತೆ ಕೈ ತಪ್ಪಿ ಒತ್ತಿದ ಯಾರೋ ಒಬ್ಬರು.

ಕಂಪನಿಯೊಳಗಿನ ವೆಬ್‌ಸೈಟಿಗೆ ಅಂಗಳ ಅಂತ ಹೆಸರಿಟ್ಟವನೂ ಈ ಚೇತನಕುಮಾರನೇ. ಕಂಪನಿಯ ಮಾಲೀಕ ಸಾವಕಾರರ ತಮ್ಮನ ಮಗ. ಪುಣೆಯಲ್ಲಿ ಎಂಬಿಎ ಮಾಡಿ ಬಂದು ನಮ್ಮ ಎಚ್‌ಆರ್ ಮುಖ್ಯಸ್ಥನಾಗಿದ್ದಾನೆ. ಎದುರಿಗೆ ಸರ್. ಈ ಡೈರಿಯಲ್ಲಿ ಅವನು. ಇಲ್ಲಾದರೂ.

ಮಧ್ಯಾಹ್ನ ಕರೆಸಿದ.

"ನಿರ್ಮಲಾ ಅವರ, ಹಾವೇರಿ ಆಫೀಸು, ಬ್ಯಾಡಗಿ ಖಾರದಪುಡಿ ಯೂನಿಟ್ಟು, ರಾಣೆಬೆನ್ನೂರ ಬೀಜದ ಗೋಡೌನು— ಇಷ್ಟೊಂದು ಮಂದಿ ಅದಾರ. ಯಾಕ ಯಾರೂ ಅಂಗಳಕ್ಕ ಬರವಲ್ರು?"

"ಅದರಾಗ ಅವರಿಗೆ ಬೇಕಾಗಿದ್ದು ಏನೂ ಇಲ್ರಿ ಸರ್."

"ನನ್ನ ಲೇಖನ ಐತಲ್ಲ?"

ಇದೆ. 'ನಾಯಕತ್ವದ ಏಳು ಗುಣಗಳು.' ಜೊತೆಗೆ ಕೈಕಟ್ಟಿ ನಿಂತ ಫೋಟೋ.

"ದಸರಾದೊಳಗ ಎಂಗೇಜ್‌ಮೆಂಟ್ ಏರಬೇಕು, ದಿನಾ ಮಂದಿ ಬಂದು ನೋಡಬೇಕು. ಜವಾಬ್ದಾರಿ ನಿಮ್ಮದು."

ಜೂನ್ 6

ಆದೇಶ ಹೊರಟಿತು. ಬೆಳಗ್ಗೆ ಅಂಗಳಕ್ಕೆ ಲಾಗಿನ್ ಆಗದವರಿಗೆ ಅರ್ಧ ದಿನ ಗೈರು. ಬುದ್ಧಿ ಅವನದು. ಸಹಿ ನನ್ನದು.

ಅಕೌಂಟ್ಸಿನ ಮನೋಹರ ಊಟದ ಡಬ್ಬಿ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋದ. "ಏನವಾ ನಿರ್ಮಲಾ, ನಮ್ಮ ಹಾಜರಿಗೇ ಕೈ ಹಾಕಿದಿ?" ಇಷ್ಟು ವರ್ಷ ಒಟ್ಟಿಗೆ ಕೂತು ಉಂಡವನು.

ಜೂನ್ 10, ಸಂಜೆ

ಬ್ಯಾಡಗಿಗೆ ಹೋಗಿದ್ದೆ. 'ತಿಳಿವಳಿಕೆ ನೀಡಲು.' ಯೂನಿಟ್ಟಿನ ಗೇಟು ದಾಟಿದ ಕೂಡಲೇ ಸೀನು. ಖಾರದ ಘಾಟು ಮೂಗಿಗಲ್ಲ, ನೇರ ನೆತ್ತಿಗೆ.

ಗ್ರೈಂಡಿಂಗ್ ಮಷಿನ್ನಿನ ಜಮೀರ್ ನನ್ನನ್ನು ಕಂಡು ಎಲ್ಲರಿಗೂ ಕೇಳುವಂತೆ ಕೂಗಿದ. "ಬಂತ್ ನೋಡ್ರಲೇ ಸಿಸಿ ಕ್ಯಾಮೆರಾ!"

ಎಲ್ಲರೂ ನಕ್ಕರು. ನಾನು ಫೋನಿನಲ್ಲಿ ತೋರಿಸಲು ಹೋದೆ. ಅವನು ಎರಡೂ ಕೈ ನನ್ನ ಮುಖದ ಹತ್ತಿರ ತಂದ. ಮೊಣಕೈವರೆಗೆ ಕೆಂಪು.

"ಈ ಕೈಲೇ ಫೋನ್ ಮುಟ್ಟಿ, ಆಮ್ಯಾಲೆ ಕಣ್ಣ ಒರಸ್ಕೊಳ್ಳೇನ್ರಿ ಮೇಡಂ? ನೀವು ಎಸಿಯಾಗ ಕುಂತು ಬಟನ್ ಒತ್ತೋರು. ನಿಮಗ ಏನ್ ತಿಳೀತೈತಿ?"

ನನ್ನ ನಡಿಗೆ ಅಣಕಿಸಿ ತೋರಿಸಿದ. ಮತ್ತೆ ನಗು. ಪ್ಯಾಕಿಂಗಿನ ತಾಜಬಿ ಒಬ್ಬಳೇ ಹತ್ತಿರ ಬಂದು ನೀರು ಕೊಟ್ಟಳು. ಮಾತಿಗೊಮ್ಮೆ ಕೆಮ್ಮು.

"ಅವನ ಮಾತ ಮನಸಿಗೆ ಹಚ್ಕೋಬ್ಯಾಡ್ರಿ. ಆದ್ರ ಮೇಡಂ, ಅದರಾಗ ನಮ್ಮ ಬಸ್ಸು ಯಾವಾಗ ಬರತೈತಿ ಅಂತ ಹಾಕ್ರಲ್ಲ? ದಿನಾ ರಸ್ತೆದಾಗ ನಿಂತು ಸಾಕಾಗೇತಿ."

ವಾಪಸು ಬರುವಾಗ ಮೋಟೆಬೆನ್ನೂರು ದಾಟುವವರೆಗೂ ಮುಖ ಕಿಟಕಿಯ ಕಡೆಗೇ. ಅತ್ತದ್ದು ಯಾರಿಗೂ ಕಾಣಬಾರದು. ಜಮೀರ್. ಈ ಹೆಸರು ಮರೆಯುವುದಿಲ್ಲ.

ಜೂನ್ 13

ಚೇತನನ ಜೊತೆ ಜಗಳ. ಜಗಳ ಅಂದರೆ ಅವನು ಕೂಗಿದ, ನಾನು ನಿಂತೆ. ಕೊನೆಗೆ ಒಂದು ತಿಂಗಳ ಮಟ್ಟಿಗೆ ಅರ್ಧ ದಿನದ ನಿಯಮ ನಿಲ್ಲಿಸಲು ಒಪ್ಪಿದ. "ಏರಲಿಲ್ಲಂದ್ರ ನೀವಽ ಮನೀಗೆ."

ಸುವಿಚಾರ ತೆಗೆದೆ. ಅವನ ಏಳು ಗುಣಗಳನ್ನು ಕೆಳಕ್ಕೆ ತಳ್ಳಿದೆ. ಬಸ್ಸು ಎಲ್ಲಿದೆ, ಯಾರಿಗೆ ಯಾವ ಶಿಫ್ಟು, ರಜೆ ಎಷ್ಟು ಉಳಿದಿದೆ— ಇಷ್ಟೇ ಮೇಲೆ. ಎಲ್ಲಾ ಕನ್ನಡದಲ್ಲಿ. ಆಮೇಲೆ ಯಾರು ಏನು ಬೇಕಾದರೂ ಕೇಳಲು ಒಂದು 'ಕೇಳಿ' ಅಂಕಣ. ನಾನೇ ಬರೆದೆ: ಹೆಸರು ಯಾರಿಗೂ ಕಾಣುವುದಿಲ್ಲ. ಅಂಗಳವನ್ನು ಕಟ್ಟಿಕೊಟ್ಟ ಸಾಫ್ಟ್‌ವೇರಿನ ಮಧು ಹಾಗೆಯೇ ಹೇಳಿದ್ದಳು.

ಜುಲೈ 1

ಬರುತ್ತಿದ್ದಾರೆ! ಮೊದಲು ಬಸ್ಸಿಗಾಗಿ. ಈಗ ಕೇಳಲಿಕ್ಕೂ. ರಾಣೆಬೆನ್ನೂರು ಗೋಡೌನಿನ ಹೆಂಗಸರ ಟಾಯ್ಲೆಟ್ಟಿಗೆ ಚಿಲಕವಿಲ್ಲ ಅಂತ ಯಾರೋ ಬರೆದರು. ಅಲ್ಲಿಯ ಮ್ಯಾನೇಜರಿಗೆ ಬೆನ್ನು ಹತ್ತಿ ಮರುದಿನವೇ ಹಾಕಿಸಿದೆ. ಫೋಟೋ ಹಾಕಿದೆ— ಚಿಲಕದ್ದು. ನನ್ನದಲ್ಲ. ಅವತ್ತಿನಿಂದ ಬಾಗಿಲು ತೆರೆದ ಹಾಗೆ ಜನ.

ಚೇತನ ಸಾವಕಾರರ ಮುಂದೆ ಗ್ರಾಫ್ ತೋರಿಸಿದ. "ನನ್ನ ಐಡಿಯಾ ದೊಡ್ಡಪ್ಪ." ನಾನು ಪಕ್ಕದಲ್ಲೇ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಅಲ್ಲೇ ಅವನ ತಲೆಯ ಮೇಲೆ ಸುರಿಯಬೇಕಿತ್ತು.

ಈಗ ಮೀಟಿಂಗ್ ಹಾಲಿನಲ್ಲಿ ದೊಡ್ಡ ಟಿವಿ. ಅತಿ ಹೆಚ್ಚು ಜನ ಓದಿದ್ದು ತಾನಾಗಿಯೇ ಅದರಲ್ಲಿ ಬರುತ್ತದೆ. ಅವನ ಶೋಕಿ.

ಜುಲೈ 14, ಸೋಮವಾರ

ಬೆಳಗ್ಗೆ 'ಕೇಳಿ'ಯಲ್ಲಿ ಬಂದದ್ದು:

'ಗ್ರೈಂಡಿಂಗ್ ರೂಮಿನ ಧೂಳ ಎಳಿಯೋ ಫ್ಯಾನು ಯುಗಾದಿಯಿಂದ ನಿಂತೈತಿ. ಹೇಳಿ ಹೇಳಿ ಬಾಯಿ ಸೋತೈತಿ. ಹೆಣ್ಮಕ್ಕಳು ಕೆಮ್ಮಿ ರಕ್ತ ಕಾರಾಕತ್ತಾರ. ಚೇತನಕುಮಾರ ಸಾಹೇಬ್ರು ಒಂದ ಶಿಫ್ಟ್ ಇಲ್ಲಿ ನಿಂದರ್ತಾರೇನು?'

ಮಧ್ಯಾಹ್ನದೊಳಗೆ ಮೂರೂ ಊರಿನವರು ಓದಿಬಿಟ್ಟರು.

"ತೆಗೀರಿ ಅದನ್ನ," ಅಂದ ಚೇತನ. ಕಿವಿ ಕೆಂಪಾಗಿತ್ತು.

"ತೆಗೆದ್ರ ಇನ್ನ ಯಾರೂ ಬರಂಗಿಲ್ರಿ ಸರ್. ಗ್ರಾಫ್ ಬಿದ್ದು ಹೋಕ್ಕೈತಿ."

ಗ್ರಾಫ್ ಅಂದದ್ದಕ್ಕೆ ತಡೆದ. "ಹಂಗಾರ ಬರದಾಂವ ಯಾರು, ಅದನ್ನ ಹೇಳ್ರಿ. ಗುರುವಾರದೊಳಗ. ಹೇಳಿದ್ರ ಸೀನಿಯರ್ ಎಕ್ಸಿಕ್ಯುಟಿವ್ ಆಗ್ತೀರಿ. ಇಲ್ಲಂದ್ರ ಗೋಡೌನ್‌ನಾಗ ಬೀಜದ ಪಾಕೀಟ ಎಣಸ್ಕೋತ ಕುಂದರ್ತೀರಿ."

ಮಧುಗೆ ಫೋನ್ ಮಾಡಿದೆ. ತಡವರಿಸಿದಳು. "ಓದೋರಿಗೆ ಕಾಣಂಗಿಲ್ರಿ ಮೇಡಂ. ಅಡ್ಮಿನ್‌ಗೆ ಕಾಣತೈತಿ."

ಅಂಗಳ ನಡೆಸುವ ಅಡ್ಮಿನ್ ನಾನೊಬ್ಬಳೇ. ಯಾರಿಗೂ ಕಾಣುವುದಿಲ್ಲ ಅಂತ ಬರೆದವಳೂ ನಾನೇ. ಮಧುಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಬಾಗಿಲು ಹಾಕಿಕೊಂಡು ನೋಡಿದೆ.

ಜಮೀರ್.

ಮೊದಲು ಬಂದದ್ದು ನಗು.

ಜುಲೈ 15

ಒಂದು ಹೆಸರು. ಹೇಳಿದರೆ ಮುಗಿಯಿತು. ಬಡ್ತಿ ನನಗೆ, ಗೇಟು ಅವನಿಗೆ. ಇನ್ಯಾರದೋ ಆಗಿದ್ದರೆ ಯೋಚನೆಯೇ ಇರುತ್ತಿರಲಿಲ್ಲ, ಹೇಳುತ್ತಿರಲಿಲ್ಲ. ಇವನದೇ ಯಾಕೆ?

ಅವ್ವನಿಗೆ ಹೇಳಿದೆ. ರೊಟ್ಟಿ ತಟ್ಟುತ್ತ ತಲೆ ಎತ್ತಲಿಲ್ಲ. "ಹೇಳಿ ಕೈ ತೊಳಕೋ. ನಿನ್ನ ನೋಡಿ ಆಡ್ಕೊಂಡು ನಕ್ಕಾಂವ ನಿನಗೇನ್ ಆಗಬೇಕು?"

"ಏನೂ ಆಗಬೇಕಿಲ್ಲ."

"ಮತ್ತ?"

ತಟ್ಟೆ ಸರಿಸಿ ಎದ್ದೆ. ರೊಟ್ಟಿ ಸೇರಲಿಲ್ಲ.

ಜುಲೈ 16

ಬ್ಯಾಡಗಿ. ಯಾರಿಗೂ ಹೇಳದೆ ಹೋದೆ. ಗ್ರೈಂಡಿಂಗ್ ರೂಮಿನೊಳಗೆ ನಿಂತೆ. ಗಾಳಿಯೇ ಕೆಂಪು. ಬಾಯಿಗೆ ಸೆರಗು ಒತ್ತಿದರೂ ಎದೆಯಲ್ಲಿ ಬೆಂಕಿ. ಕಣ್ಣು ಬಿಡಲಾಗಲಿಲ್ಲ, ಗೋಡೆ ಹಿಡಿದು ಹೊರಗೆ ಬಂದು ವಾಂತಿ ಮಾಡಿಕೊಂಡೆ. ತಾಜಬಿ ರಜೆಯಲ್ಲಿದ್ದಳು. ದಾವಣಗೆರೆ ಆಸ್ಪತ್ರೆಗೆ ಒಯ್ದಿದ್ದಾರೆ ಅಂತ ಪ್ಯಾಕಿಂಗಿನವರು ಹೇಳಿದರು.

ಜಮೀರ್ ಹೊರಗೆ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ.

"ನೀವು ಬರದದ್ದು ನನಗ ಗೊತ್ತೈತಿ," ಅಂದೆ.

ಮುಖ ಬಿಳಿಚಿಕೊಂಡಿತು. ಒಂದು ಗಳಿಗೆ ಅಷ್ಟೇ. ಆಮೇಲೆ ಅದೇ ಜಮೀರ್.

"ಹೆಸರ ಕಾಣಂಗಿಲ್ಲ ಅಂದಿದ್ರಿ. ನಾ ಮೊದಲಽ ಅಂದಿದ್ನಿಲ್ಲ, ನೀವು ಸಿಸಿ ಕ್ಯಾಮೆರಾ ಅಂತ? ಹೋಗ್ರಿ, ಹೇಳ್ರಿ. ನಿಮಗ ಬಡ್ತಿ ಸಿಗತೈತಿ."

"ನನಗೂ ಗೊತ್ತಿರಲಿಲ್ಲ, ಅದು ಕಾಣತೈತಿ ಅಂತ—"

"ಎಲ್ಲಾರೂ ಹಂಗಽ ಅಂತಾರ."

ಕೆನ್ನೆಗೆ ಬಾರಿಸುವಷ್ಟು ಸಿಟ್ಟು. ಆದರೆ ಅವನು ಅಂದದ್ದರಲ್ಲಿ ಸುಳ್ಳೇನಿತ್ತು? ಬಸ್ಸಿನಿಂದಲೇ ಮಧುಗೆ ಫೋನ್. "ಕೇಳಿದವರ ಹೆಸರು ಎಲ್ಲಾ ಅಳಸು. ಒಬ್ಬರದೂ ಉಳೀಬಾರದು. ಮುಂದೂ ಯಾರಿಗೂ ಕಾಣಬಾರದು. ನನಗೂ."

ರಾತ್ರಿಯೊಳಗೆ ಅಳಿಸಿ ಕೊಟ್ಟಳು.

ಜುಲೈ 17, ಗುರುವಾರ

"ಯಾರು?"

"ಯಾರ ಹೆಸರೂ ಇಲ್ರಿ ಈಗ."

ನಾನೇ ಅಳಿಸಿದ್ದು ಅಂತ ಚೇತನನಿಗೆ ಹೊಳೆಯಿತು. ಟೇಬಲ್ ಗುದ್ದಿದ. ಬ್ಯಾಡಗಿಯಲ್ಲಿ ಒಬ್ಬೊಬ್ಬರನ್ನೇ ಕರೆಸಿ ಬಾಯಿ ಬಿಡಿಸುತ್ತೇನೆ ಅಂದ. ಅವರು ಸಾಲಾಗಿ ನಿಂತದ್ದು ಕಣ್ಣ ಮುಂದೆ ಬಂತು.

"ಯಾರನ್ನೂ ಕರಸಬ್ಯಾಡ್ರಿ. ಬರದಾಕಿ ನಾನು."

"ನೀವು? ಆ ರೂಮಿನಾಗ ಒಮ್ಮೆರೆ ಕಾಲ ಇಟ್ಟೀರಿ?"

"ನಿನ್ನೆ ಇಟ್ಟೀನ್ರಿ. ನೀವು?"

ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, ಒಬ್ಬರು ಸಿಕ್ಕರೆ ಸಾಕಿತ್ತು. ಸಂಜೆಗೆ ವರ್ಗಾವಣೆಯ ಕಾಗದ ಬಂತು. ರಾಣೆಬೆನ್ನೂರು ಗೋಡೌನು. ಹೊರಡುವಾಗ ಯಾರೂ ತಲೆ ಎತ್ತಲಿಲ್ಲ.

ಆಗಸ್ಟ್ 4

ಬರೆಯಲು ಮನಸ್ಸೇ ಇರಲಿಲ್ಲ ಇಷ್ಟು ದಿನ. ಬೀಜದ ಪಾಕೀಟು, ಔಷಧದ ವಾಸನೆ, ಎರಡು ಬಸ್ಸು. ಇಲ್ಲಿಯವರು ನನ್ನ ಜೊತೆ ಮಾತಾಡಲು ಹೆದರುತ್ತಾರೆ.

ಇವತ್ತು ಮನೋಹರನ ಫೋನ್. ತಿಂಗಳ ಮೀಟಿಂಗಿನಲ್ಲಿ ಚೇತನ ಟಿವಿ ಹಚ್ಚಿದನಂತೆ. ಅತಿ ಹೆಚ್ಚು ಓದಿದ್ದು— ಅದೇ ಪ್ರಶ್ನೆ, ಗೋಡೆಯಷ್ಟು ದೊಡ್ಡದಾಗಿ. ತೆಗೆಯಲು ಅವನಿಗೆ ಬರಲಿಲ್ಲ. ಹಾಕಲು ಯಾರಿಗಾದರೂ ಬರುತ್ತದೆ, ಅಳಿಸುವ ಪಾಸ್‌ವರ್ಡು ಮಾತ್ರ ನನ್ನ ಹತ್ತಿರ, ಕೇಳಲು ಅವನಿಗೆ ಸೊಕ್ಕು.

ಸಾವಕಾರ ಅಜ್ಜಪ್ಪನವರು ಕನ್ನಡಕ ಏರಿಸಿ ಓದಿದರಂತೆ. "ಯುಗಾದಿಯಿಂದ? ನನ್ನ ಮುಂದ ಯಾಕ ಯಾರೂ ಹೇಳಲಿಲ್ಲ? ಫ್ಯಾನ್ ಹಾಕೋತನಕ ಮಷಿನ್ ಬಂದ್ ಮಾಡ್ರಿ."

ಫ್ಯಾನ್ ಬಂತು. ನನ್ನ ಬಗ್ಗೆ ಯಾರೂ ಏನೂ ಅನ್ನಲಿಲ್ಲವಂತೆ. ಅನ್ನುವುದೂ ಇಲ್ಲ. ತಾಜಬಿ ಇನ್ನೂ ಕೆಲಸಕ್ಕೆ ಬಂದಿಲ್ಲ.

ಆಗಸ್ಟ್ 8, ಮಧ್ಯಾಹ್ನ

ಅಂಗಳದಲ್ಲಿ ಹೊಸ ಫೋಟೋ. ಫ್ಯಾನಿನ ಕೆಳಗೆ ಚೇತನ, ಹೊಸ ಮಾಸ್ಕು ಕೊರಳಲ್ಲಿ. 'ಸಿಬ್ಬಂದಿಯ ದನಿಗೆ ಕಿವಿಯಾದೆವು. ಕೆಲವರು ಕಾರ್ಮಿಕರ ಸೋಗಿನಲ್ಲಿ ಗೊಂದಲ ಎಬ್ಬಿಸಿದರೂ.' ಕೆಲವರು ಅಂದರೆ ನಾನು, ನನ್ನನ್ನು ಯಾಕೆ ಇಲ್ಲಿಗೆ ಹಾಕಿದರು ಅಂತ ಮೂರೂ ಊರಿಗೆ ಗೊತ್ತು.

ಹತ್ತು ನಿಮಿಷದಲ್ಲಿ ಕೆಳಗೆ ಒಂದು ಉತ್ತರ. ಹೆಸರು ಸಮೇತ.

'ಪ್ರಶ್ನೆ ಕೇಳಿದಾಂವ ನಾನು. ನಿರ್ಮಲಾ ಮೇಡಂ ಅಲ್ಲ. ಜಮೀರ್, ಗ್ರೈಂಡಿಂಗ್.'

ಹುಚ್ಚ! ಅಷ್ಟು ಕಷ್ಟಪಟ್ಟು ಅಳಿಸಿದ ಹೆಸರು. ತಾನೇ ಬರೆದು ಕೂತಿದ್ದಾನೆ. ಫೋನ್ ಹಚ್ಚಿ ಬೈಯಬೇಕೆಂದು ನಂಬರು ಹುಡುಕಿದೆ. ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು. 'ನಾನೂ ಕೇಳಿದ್ದೆ. ದಿಲನಾಜ, ಪ್ಯಾಕಿಂಗ್.' 'ನಾನೂ. ಹೊಳಿಯಪ್ಪ, ಲೋಡಿಂಗ್.' ಆಸ್ಪತ್ರೆಯಿಂದ ತಾಜಬಿ. ಕೊನೆಗೆ ಮನೋಹರ— ಅಕೌಂಟ್ಸಿನಲ್ಲಿ ಕೂತು, ಖಾರದ ಧೂಳು ಕಾಣದ ಮನೋಹರ— 'ನಾನೂ.'

ಇನ್ನೂ ಬರುತ್ತಲೇ ಇವೆ. ಓದಲು ಆಗುತ್ತಿಲ್ಲ, ಕಣ್ಣು ಮಂಜು. ಈ ಗೋಡೌನಿನ ಇಬ್ಬರು ನನ್ನ ಬೆನ್ನ ಹಿಂದೆಯೇ ನಿಂತು ಫೋನಿನಲ್ಲಿ ಬರೆಯುತ್ತಿದ್ದಾರೆ.

ಚೇತನಕುಮಾರನ ಕರೆ. ಮೂರನೇ ಸಲ. ಎಲ್ಲಾ ಅಳಿಸು ಅನ್ನಲಿಕ್ಕೇ. ಅಳಿಸಬಲ್ಲವಳು ಈಗಲೂ ನಾನೊಬ್ಬಳೇ.

ಎತ್ತುತ್ತೇನೆ. ಇವತ್ತು ಸರ್ ಅನ್ನುವುದಿಲ್ಲ. ಹೇಳುವುದು ಇಷ್ಟೇ— 'ಅಳಸಂಗಿಲ್ಲ, ಚೇತನಕುಮಾರ.'