ಮೇಲೊಂದು ಬಳೆ

ಕುಷ್ಟಗಿ
ತಾ. 16-8-2011

ಚಿ. ಸೌ. ಸುರೇಖಾಳಿಗೆ ಅತ್ತೆಯ ಮನಸಾರೆ ಆಶೀರ್ವಾದ.

ನೀನು ಹೇಗಿದ್ದೀ? ವೇಳೆಗೆ ಸರಿಯಾಗಿ ಉಣ್ಣುತ್ತೀಯಾ? ನಿಮ್ಮ ಅವ್ವನ ಮೊಣಕಾಲು ನೋವು ಇಳಿಯಿತೇ? ಪಂಚಮಿಗೆ ತವರಿಗೆ ಹೋದ ಸೊಸೆ ಇನ್ನೂ ಯಾಕೆ ಬಂದಿಲ್ಲ ಎಂದು ಓಣಿಯವರು ಕೇಳುತ್ತಾರೆ. ಬಾಯಿಗೆ ಬಂದದ್ದು ಹೇಳಿ ಹೇಳಿ ನನಗೂ ಸಾಕಾಗಿದೆ. ಈ ಮನೆಯ ಫೋನೆಂದರೆ ನೀನು ಎತ್ತುವುದಿಲ್ಲ, ಎತ್ತಲೂ ಬೇಡ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನನ್ನ ಮಗನ ಮುಖ ನೋಡಲು ನನಗೆ ಹೇಸಿಗೆಯಾಗುತ್ತದೆ. ಹೆತ್ತವಳು ಹೀಗೆ ಬರೆಯಬಾರದು, ಆದರೂ ಬರೆಯುತ್ತೇನೆ. ಅಂಗಡಿಗೆ ಆ ಕಂಪ್ಯೂಟರ್ ತಂದಾಗಿನಿಂದ ಹಾಲೇಶ ಮನುಷ್ಯರ ಮುಖ ನೋಡುವುದನ್ನೇ ಬಿಟ್ಟಿದ್ದಾನೆ. ಡಜನ್ ಬಳೆಗೊಂದು ಕಾಗದದ ಸುತ್ತು, ಸುತ್ತಿಗೊಂದು ಕರಿಗೆರೆಯ ಬಾರ್‌ಕೋಡ್ ಚೀಟಿ. ಬಣ್ಣ, ಅಳತೆ ನೋಡಿ ಕಂಪ್ಯೂಟರಿಗೆ ಹೆಸರು ಹೇಳಿಕೊಟ್ಟವಳು ನೀನು, ಅಷ್ಟೂ ಚೀಟಿ ಅಂಟಿಸಿದವಳೂ ನೀನು. ಉಗುರಿನ ಸಂದಿಗೆ ಅಂಟು ಹಿಡಿದು, ರೊಟ್ಟಿ ಬಡಿಯುವಾಗ ಗೊಣಗುತ್ತಿದ್ದೆಯಲ್ಲ. ಅಂಥವಳಿಗೆ ಪಂಚಮಿಯ ಗದ್ದಲದಲ್ಲಿ, ಗಿರಾಕಿಗಳ ಎದುರಿಗೆ, 'ಕಂಪ್ಯೂಟರಿನ್ಯಾಗ ಅದಾವು, ಕಪಾಟಿನ್ಯಾಗ ಇಲ್ಲ. ಎಲ್ಲಿ ಹೋದವು? ನಿನ್ನ ಚೀಲ ತಗಿ' ಅಂದನಂತೆ. ನಾನು ಕಾರಟಗಿಗೆ ಅಕ್ಕನ ಮನೆಗೆ ಹೋಗಿ ಬರುವಷ್ಟರಲ್ಲಿ ನೀನು ಬಸ್ ಹತ್ತಿಯಾಗಿತ್ತು. ಕೆಲಸದ ಕಾಸೀಮಬೀ ಅಳುತ್ತ ಎಲ್ಲ ಹೇಳಿದಳು.

ನೀನಿಲ್ಲವೆಂದು ಬಳೆ ಇಡಿಸಲು ನಾನೇ ಕುಳಿತೆ. ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತೇ ಇದೆ, ಕಲಿಸಿದವಳೇ ನಾನು. ಕೈತುಂಬ ಇಡಿಸಿದ ಮೇಲೆ ಎಡಗೈಗೆ ಮೇಲೊಂದು ಬಳೆ, ಅದಕ್ಕೆ ರೊಕ್ಕವಿಲ್ಲ. ಇಡಿಸುವಾಗ ಒಡೆದದ್ದರ ನಷ್ಟವೂ ನಮ್ಮದೇ. ಇವೆರಡಕ್ಕೂ ಬೇರೆ ಸುತ್ತು ಬಿಚ್ಚುತ್ತೇವೆ, ಅದು ಒಂದೊಂದಾಗಿ ಖಾಲಿಯಾಗುತ್ತದೆ. ಅದರ ಚೀಟಿಯನ್ನು ಯಾರೂ ಯಂತ್ರಕ್ಕೆ ತೋರಿಸುವುದಿಲ್ಲ. ಹಾಗಾಗಿ ಯಂತ್ರದ ಪ್ರಕಾರ ಅದಿನ್ನೂ ಕಪಾಟಿನಲ್ಲೇ ಇರುತ್ತದೆ.

ಶನಿವಾರ ಹಾಲೇಶ ಕಂಪ್ಯೂಟರಿನ ಲೆಕ್ಕಕ್ಕೂ ಕಪಾಟಿಗೂ ತಾಳೆ ನೋಡಿದ. ಮತ್ತೆ ಕಡಿಮೆ ಬಂತು. ಈ ಸಲ ಅವನು ಯಾರ ಚೀಲವನ್ನೂ ಕೇಳಲಿಲ್ಲ, ಸುಮ್ಮನೆ ಕೀ ಒತ್ತಿ ಲೆಕ್ಕ ತಿದ್ದಿದ. ನಾನು ನನ್ನ ಎಲೆಅಡಿಕೆ ಸಂಚಿಯನ್ನು ಗಲ್ಲಾದ ಮೇಲೆ ಸುರುವಿ, 'ಈಗ ನಂದು ನೋಡಪಾ' ಎಂದೆ. ಅಂಗಡಿ ತುಂಬ ಹೆಂಗಸರಿದ್ದರು. 'ಬಿಡಬೇ ಯವ್ವಾ, ಒಡದದ್ದು, ಮೇಲೊಂದು ಕೊಟ್ಟದ್ದು ಹಂಗ ಕಡಿಮಿ ಬರತೈತಿ. ಕಂಪ್ಯೂಟರ್ ಹಾಕಿಕೊಟ್ಟ ಗೋವಿಂದರಾಜ ಆಕಿ ಹೋದ ದಿನಾನ ಫೋನಿನ್ಯಾಗ ಹೇಳ್ಯಾನ' ಎಂದ.

ನೀನು ಹೋದ ದಿನವೇ ಅವನಿಗೆ ಗೊತ್ತಿತ್ತು ಸುರೇಖಾ. ಗೊತ್ತಿದ್ದೂ ಇಷ್ಟು ದಿನ ನನ್ನ ಕೈಯಿಂದ ರೊಟ್ಟಿ ಹಾಕಿಸಿಕೊಂಡು ಉಂಡ. ಯಾಕೆ ಹೇಳಲಿಲ್ಲವೋ ಎಂದರೆ, 'ಈಗ ಹ್ಯಾಂಗ ಹೇಳ್ಲಿ, ಮರ್ಯಾದಿ ಹೋಗತೈತಿ' ಅನ್ನುತ್ತಾನೆ. ನಿನ್ನ ಮರ್ಯಾದೆಗೆ ಮಾತ್ರ ಅವನ ಹತ್ತಿರ ಚೀಟಿ ಇಲ್ಲ. ಆ ಹೊತ್ತಿನಿಂದ ಅವನ ತಾಟಿಗೆ ನಾನು ಬಡಿಸಿಲ್ಲ.

ಬೀಗರಿಗೆ, ಬೀಗತಿಗೆ ನನ್ನ ಶರಣು ತಿಳಿಸು. ನೀನು ತಲೆ ತಗ್ಗಿಸಿ ಓಡಾಡಬೇಡ.

ನಿನ್ನ ಅತ್ತೆ,
ಪಂಪಾವತಿ

ತಾ.ಕ.: ಟಪಾಲಿಗೆ ಹೊತ್ತಾಯಿತು. ಸೋಮವಾರ ಹಾಲೇಶ ಸೀರೆ, ಹಣ್ಣು ಹಿಡಿದು ಬರುತ್ತಾನಂತೆ. 'ಅವ್ವ ಕಳಿಸ್ಯಾಳ' ಎಂದರೆ ನಂಬಬೇಡ, ನಾನು ಕಳಿಸಿಲ್ಲ. ಒಳಗೆ ಕರೆದು ಚಹಾ ಕೊಟ್ಟು ಮುಚ್ಚಿಹಾಕಬೇಡಿ. ಅವನು ಅಂಗಡಿಯಲ್ಲಿ ಅಂದಷ್ಟೇ ಗಟ್ಟಿಯಾಗಿ, ನಿಮ್ಮ ಓಣಿಯ ಮಂದಿಯ ಎದುರು ನಿಂತು, ಸುರೇಖಾ ಕದ್ದಿಲ್ಲ ಎಂದು ಹೇಳಲಿ. ಹೇಳಿದರೆ ಬಾ. ಹೇಳದಿದ್ದರೆ ಬರಬೇಡ, ಬಳೆ ಪೆಟ್ಟಿಗೆ ಹೊತ್ತು ನಾನೇ ಅಲ್ಲಿಗೆ ಬರುತ್ತೇನೆ. ಇಬ್ಬರೂ ನಿಮ್ಮ ಕನಕಗಿರಿ ಸಂತೆಯಲ್ಲಿ ಕೂತು ಬಳೆ ಇಡಿಸೋಣ.