ನಿನ್ನ ಮೊಮ್ಮಗಳು ಬಾಗಿಲು ಬಡಿದಳು

ಅಪ್ಪಾ,

ನಿನ್ನ ಒಂಬತ್ತು ವರ್ಷದ ಮೊಮ್ಮಗಳು ಇವತ್ತು ಮನೆಯ ಮರ್ಯಾದೆ ಉಳಿಸಿದಳೋ ಕಳೆದಳೋ, ನೀನೇ ಹೇಳಬೇಕು.

ನಿನ್ನ ಅಳಿಯ ಕೆಲಸ ಮಾಡುತ್ತಿದ್ದ ಪ್ರೆಸ್ಸು ಮುಚ್ಚಿ ಎರಡು ತಿಂಗಳಾಯಿತು. ಅಂದಿನಿಂದ ಅವರು ದಿನಾ ಬೆಳಿಗ್ಗೆ ಬಚ್ಚಲುಮನೆ ಸೇರಿ, ನಲ್ಲಿ ಬಿಟ್ಟುಕೊಂಡು ಒಂದು ಗಂಟೆ ಕೂರುತ್ತಿದ್ದರು. ನನಗೆ ಗೊತ್ತಿತ್ತು. ಮಗಳಿಗೆ ಕೇಳಿಸದಿರಲೆಂದು ಪಾತ್ರೆ ಸದ್ದು ಮಾಡುತ್ತಿದ್ದೆ. ಇವತ್ತು ಇವಳು ಹೋಗಿ ಬಾಗಿಲು ಬಡಿದಳು.

“ಅಪ್ಪಾ, ಅಳೋದಿದ್ರೆ ಹೊರಗೆ ಬಂದು ಅಳು. ನಂಗೆ ಅರ್ಜೆಂಟು!”

ನಲ್ಲಿ ನಿಂತಿತು. ಕಣ್ಣು ಕೆಂಪಾಗಿದ್ದ ಮನುಷ್ಯ ಹೊಟ್ಟೆ ಹಿಡಿದು ನಗುತ್ತಾ ಹೊರಗೆ ಬಂದರು. ನಗುತ್ತಲೇ ಅತ್ತರು.

“ಭಯ ಆಗುತ್ತೆ ಕಣೇ,” ಎಂದರು.

“ನಂಗೂ,” ಎಂದೆ.

ಬಚ್ಚಲಿನೊಳಗಿಂದ ಇವಳ ಕೂಗು: “ನಂಗೂ! ಆದ್ರೆ ಮೊದ್ಲು ತಿಂಡಿ ಕೊಡಿ.”

ಮಧ್ಯಾಹ್ನ ಮೂವರೂ ಮನೋವೈದ್ಯರ ಹತ್ತಿರ ಹೋದೆವು. “ಯಾರು ಯಾರನ್ನ ಕರ್ಕೊಂಡು ಬಂದ್ರಿ?” ಎಂದು ಅವರು ಕೇಳಿದಾಗ ಇವಳು ಠೀವಿಯಿಂದ ಕೈ ಎತ್ತಿದಳು. ವಾಪಸ್ ಬರುವಾಗ ದಾರಿಯುದ್ದಕ್ಕೂ ನಿನ್ನ ಅಳಿಯನದೇ ಮಾತು. ಕಿವಿ ತೂತಾಯಿತು, ಮನಸ್ಸು ತಂಪಾಯಿತು.

ಅಮ್ಮ ತೀರಿಕೊಂಡ ವರ್ಷ ನೀನು ಹೊಲಿಗೆ ಅಂಗಡಿಯ ಶಟರನ್ನು ಅರ್ಧ ಎಳೆದುಕೊಂಡು ಒಬ್ಬನೇ ಕೂರುತ್ತಿದ್ದೆ. ಶಾಲೆಯಿಂದ ಬರುವಾಗ ನನಗೆ ನಿನ್ನ ಕಾಲು ಕಾಣುತ್ತಿತ್ತು, ಮಿಷನ್ ಸದ್ದು ಮಾತ್ರ ಇರುತ್ತಿರಲಿಲ್ಲ. ಆ ಶಟರು ನನ್ನ ಕೈಗೆ ಎಟಕುತ್ತಿತ್ತು, ಅಪ್ಪಾ.